ಮನೆಯಲ್ಲಿ ಡ್ರಮ್ ಇಲ್ಲದೆ ಶಾಲೆ ಬ್ಯಾಂಡ್ ಆಯ್ಕೆಗೆ ಹೇಗೆ ತಯಾರಾಗುವುದು? ಬ್ಯಾಂಡ್ ಲೀಡರ್ ಆಗಲು ಏನು ಬೇಕು?

ನೀನು ಕೇಳಿದ್ದು ಇಷ್ಟು. ಈ ಜೂನ್‌ಗೆ 8ನೇ ಕ್ಲಾಸ್. ಶಾಲೆ ಶುರುವಾದ ಕೂಡಲೇ ಬ್ಯಾಂಡ್‌ಗೆ ಆಯ್ಕೆ ಇದೆ. ಎರಡು ಕಡ್ಡಿಯಲ್ಲಿ ಬಾರಿಸುವ ಸೈಡ್ ಡ್ರಮ್ ಬೇಕು ಅಂತ ಆಸೆ, ಆದರೆ ಮನೆಯಲ್ಲಿ ಡ್ರಮ್ ಇಲ್ಲ. ಮುಂದಿನ ವರ್ಷ ಲೀಡರ್ ಆಗಬೇಕು ಅಂತಲೂ ಮನಸ್ಸಿದೆ. ಕೊನೆಗೆ ಒಂದು ಸಾಲು ಸೇರಿಸಿದ್ದೀಯ: ‘ಹುಡುಗಿಯರಿಗೆ ಡ್ರಮ್ ಕೊಡ್ತಾರಾ?’

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. 14 ವರ್ಷದಿಂದ ನಮ್ಮ ಶಾಲೆಯ ಬ್ಯಾಂಡ್ ನಾನೇ ನೋಡಿಕೊಳ್ಳುತ್ತಿದ್ದೇನೆ. ನನ್ನ ಮಕ್ಕಳ ವಯಸ್ಸು ನಿನ್ನದು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕೊಡುತ್ತಾರೆ, ಕೊಡಲೇಬೇಕು. ನಾನು ಓದಿದ ಶಾಲೆಯಲ್ಲಿ ಕೊಡುತ್ತಿರಲಿಲ್ಲ. ‘ಹುಡುಗಿಯರ ಹೆಗಲಿಗೆ ಭಾರ ಆಗುತ್ತೆ’ ಅನ್ನುವುದು ಒಂದೇ ಮಾತು. ಎರಡು ವರ್ಷ ಟ್ರಯಾಂಗಲ್ ಅನ್ನುವ ಮೂರು ಮೂಲೆಯ ಸಣ್ಣ ಕಂಬಿ ಹಿಡಿದು ಕೊನೆಯ ಸಾಲಿನಲ್ಲಿ ನಡೆದೆ. ಅದೇ ಹೆಗಲ ಮೇಲೆ ಮನೆಯಲ್ಲಿ ನೀರಿನ ಕೊಡ ಹೊರುತ್ತಿದ್ದೆ, ಅದನ್ನು ಯಾರೂ ಕೇಳಲಿಲ್ಲ. ಡ್ರಮ್ಮಿನ ಕಡ್ಡಿ ಮೊದಲ ಸಲ ಕೈಗೆ ಬಂದದ್ದು ಪಿ.ಟಿ. ಟೀಚರ್ ಆಗಲು ಬಿ.ಪಿ.ಎಡ್. ಓದುವಾಗ. ಸೇನೆಯ ಬ್ಯಾಂಡ್‌ನಲ್ಲಿದ್ದು ನಿವೃತ್ತರಾದ ಒಬ್ಬ ಹಿರಿಯರು ಕಲಿಸಿದರು. ಆ ಎರಡು ವರ್ಷ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಈಗ ಕೇಂದ್ರ ಸರ್ಕಾರ ಗಣರಾಜ್ಯೋತ್ಸವದ ಜೊತೆ ನಡೆಸುವ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಹುಡುಗಿಯರಿಗೇ ಎರಡು ವಿಭಾಗ ಇದೆ, ಹಿತ್ತಾಳೆ ವಾದ್ಯಗಳ ಬ್ರಾಸ್ ಬ್ಯಾಂಡ್‌ಗೆ ಒಂದು, ಚೀಲವಿರುವ ಬ್ಯಾಗ್‌ಪೈಪ್ ಊದುವ ಪೈಪ್ ಬ್ಯಾಂಡ್‌ಗೆ ಒಂದು. ಅಲ್ಲಿ ಡ್ರಮ್ ಹೊತ್ತು ನಡೆಯುವವರು ಹುಡುಗಿಯರೇ. ಯಾರಾದರೂ ಆಗಲ್ಲ ಅಂದರೆ ಇದನ್ನು ಹೇಳು, ಧೈರ್ಯವಾಗಿ ಹೇಳು.

ಈಗ ಆಯ್ಕೆಯ ವಿಷಯ. ಬರುವ ಮಕ್ಕಳೆಲ್ಲ ಕೈ ಸಿದ್ಧ ಮಾಡಿಕೊಂಡು ಬರುತ್ತಾರೆ. ನಾನು ಮೊದಲು ನೋಡುವುದು ಕಾಲನ್ನು.

ಯಾಕೆ ಅಂದರೆ ಶಾಲೆ ಬ್ಯಾಂಡ್ ನಡೆಯುತ್ತಾ ನುಡಿಸುವ ಬ್ಯಾಂಡ್. ಎಡಗಾಲು ನೆಲಕ್ಕೆ ಬೀಳುವಾಗ ಬೇಸ್ ಡ್ರಮ್ಮಿನ, ಅಂದರೆ ಎಲ್ಲಕ್ಕಿಂತ ದೊಡ್ಡ ಡ್ರಮ್ಮಿನ, ದೊಡ್ಡ ಪೆಟ್ಟು ಬೀಳಬೇಕು. ಎಲ್ಲರ ಲೆಕ್ಕವೂ ಅದರ ಮೇಲೆ ನಿಂತಿದೆ. ಕೈ ಎಷ್ಟೇ ಚುರುಕಿರಲಿ, ಹೆಜ್ಜೆ ತಪ್ಪಿದ ಒಬ್ಬರು ಅಕ್ಕಪಕ್ಕದ ನಾಲ್ವರನ್ನು ಕೆಡಿಸುತ್ತಾರೆ.

ನಾನು ಪರೀಕ್ಷೆ ಮಾಡುವ ರೀತಿ ಹೇಳುತ್ತೇನೆ. ಕೈಗೆ ಏನೂ ಕೊಡುವುದಿಲ್ಲ. ‘ಕದಮ್ ತಾಲ್’ ಅನ್ನುತ್ತೇನೆ, ಅಂದರೆ ನಿಂತಲ್ಲೇ ಹೆಜ್ಜೆ. ಎರಡು ನಿಮಿಷ. ಮೊದಲ ಅರ್ಧ ನಿಮಿಷ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಆಮೇಲೆ ಹತ್ತಿರ ಹೋಗಿ ಮಾತಾಡಿಸುತ್ತೇನೆ. ‘ನಿಮ್ಮೂರಿನ ಬಸ್ಸು ಎಷ್ಟು ಗಂಟೆಗೆ?’ ‘ಬೆಳಿಗ್ಗೆ ಏನು ತಿಂಡಿ?’ ಉತ್ತರ ಕೊಡಬೇಕು, ಕಾಲು ನಿಲ್ಲಬಾರದು. ತುಂಬಾ ಮಕ್ಕಳ ಕಾಲು ತಿಂಡಿಯ ಪ್ರಶ್ನೆಗೆ ನಿಂತೇ ಹೋಗುತ್ತದೆ. ಒಂದು ವರ್ಷ ಒಬ್ಬಳು ಸಣ್ಣ ಹುಡುಗಿ, ನೆಟ್ಟಗೆ ಮುಂದೆ ನೋಡುತ್ತಾ, ‘ಅಕ್ಕಿ-ರೊಟ್ಟಿ-ಕಾಯಿ-ಚಟ್ನಿ’ ಅಂದಳು. ಒಂದೊಂದು ಮಾತೂ ಒಂದೊಂದು ಹೆಜ್ಜೆಯ ಮೇಲೆ ಬಿತ್ತು. ಅವಳಿಗೆ ತಾನು ಹಾಗೆ ಹೇಳಿದ್ದು ಗೊತ್ತೂ ಇರಲಿಲ್ಲ. ಆ ಕ್ಷಣವೇ ಅವಳಿಗೆ ಸೈಡ್ ಡ್ರಮ್ ಅಂತ ಬರೆದುಕೊಂಡೆ. ಕಡ್ಡಿ ಹಿಡಿಯುವುದನ್ನು ಆಮೇಲೆ ಕಲಿಸಬಹುದು, ಅಲ್ವಾ?

ಇದನ್ನು ಮನೆಯಲ್ಲಿ ಕಲಿಯಲು ಬೇಕಾದ್ದು ಟಿಕ್ ಟಿಕ್ ಅನ್ನುವ ಒಂದು ಗೋಡೆ ಗಡಿಯಾರ. ‘ತೇಜ್ ಚಲ್’, ಅಂದರೆ ಬಿರುಸಿನ ನಡಿಗೆಗೆ ನಿಮಿಷಕ್ಕೆ 120 ಹೆಜ್ಜೆ. ಸೆಕೆಂಡಿಗೆ ಎರಡು ಹೆಜ್ಜೆ ಆಯಿತು. ಅಂದರೆ ಪ್ರತಿ ಟಿಕ್‌ಗೂ ಎಡಗಾಲು, ನಡುವೆ ಬಲಗಾಲು. ಮೊದಲು ಐದು ನಿಮಿಷ ಗಡಿಯಾರದ ಮುಂದೆ ನಿಂತು ಮಾಡು. ಆಮೇಲೆ ಪಕ್ಕದ ಕೋಣೆಗೆ ಹೋಗಿ, ಟಿಕ್ ಕೇಳಿಸದ ಹಾಗೆ ಒಂದು ನಿಮಿಷ ಮುಂದುವರಿಸಿ, ಹೆಜ್ಜೆ ನಿಲ್ಲಿಸದೆ ವಾಪಸ್ ಬಾ. ನಿನ್ನ ಎಡಗಾಲು ಇನ್ನೂ ಟಿಕ್ ಮೇಲೇ ಬೀಳುತ್ತಿದೆಯಾ ನೋಡು. ಮೊದಲ ವಾರ ಬೀಳುವುದಿಲ್ಲ. ಸಾಮಾನ್ಯವಾಗಿ ಎಲ್ಲರೂ ಓಡುತ್ತಾರೆ, ನಿಧಾನ ಆಗುವವರು ಕಮ್ಮಿ. ಮೂರನೇ ವಾರದ ಹೊತ್ತಿಗೆ ಹಿಡಿತ ಸಿಗುತ್ತದೆ. ಆಮೇಲೆ ಅಮ್ಮನ ಹತ್ತಿರ ಮಾತಾಡುತ್ತಾ ಮಾಡು, ಮಗ್ಗಿ ಹೇಳುತ್ತಾ ಮಾಡು.

ಇನ್ನು ಕೈ. ಡ್ರಮ್ ಕೊಳ್ಳಬೇಡ, ದುಡ್ಡು ದಂಡ. ಒಂದು ಜೊತೆ ಕಡ್ಡಿ ಮಾತ್ರ ತೆಗೆದುಕೋ. ಅಂಗಡಿಯಲ್ಲೇ ಎರಡನ್ನೂ ಗಾಜಿನ ಟೇಬಲ್ ಮೇಲೆ ಉರುಳಿಸಿ ನೋಡು. ಸೊಟ್ಟ ಇದ್ದರೆ ಕುಣಿಯುತ್ತಾ ಉರುಳುತ್ತದೆ, ನೆಟ್ಟಗಿದ್ದರೆ ಸುಮ್ನೆ ಜಾರಿ ಹೋಗುತ್ತದೆ. ಎರಡೂ ಒಂದೇ ತೂಕ ಇರಬೇಕು. ಪೆನ್ಸಿಲ್, ಸ್ಕೇಲ್ ಹಿಡಿದು ಅಭ್ಯಾಸ ಮಾಡಬೇಡ, ತುಂಬಾ ಹಗುರ, ಕೈಗೆ ತಪ್ಪು ಅಭ್ಯಾಸವಾಗುತ್ತದೆ. ಬಾರಿಸಲು ಒಂದು ಹಲಗೆಯ ಮೇಲೆ ಹಳೇ ಟೈರಿನ ರಬ್ಬರ್ ತುಂಡು ಅಂಟಿಸಿದರೆ ಸಾಕು. ಡ್ರಮ್ಮಿನ ಹಾಗೆ ಕಡ್ಡಿ ಪುಟಿಯುತ್ತದೆ. ವಾರಕ್ಕೆ ಎರಡು ದಿನ ಮಡಿಸಿದ ಟವೆಲ್ ಮೇಲೆ ಬಾರಿಸು. ಅಲ್ಲಿ ಪುಟಿಯುವುದಿಲ್ಲ, ಮಣಿಕಟ್ಟೇ ಎತ್ತಬೇಕು. ಅದರಿಂದ ಕೈ ಗಟ್ಟಿಯಾಗುತ್ತದೆ.

ಹಿಡಿತ ಎರಡು ಕೈಗೂ ಬೇರೆ ಬೇರೆ. ಡ್ರಮ್ ಹೆಗಲ ಪಟ್ಟಿಯಲ್ಲಿ ನೇತಾಡುತ್ತಾ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ, ಸೈಡ್ ಡ್ರಮ್ ಅನ್ನುವ ಹೆಸರೇ ಅದಕ್ಕೆ ಬಂದದ್ದು. ಬಲಗೈ ಸುತ್ತಿಗೆ ಹಿಡಿದ ಹಾಗೆ ಮೇಲಿಂದ, ಆದರೆ ಬಿಗಿಯಾಗಿ ಅಲ್ಲ. ಎಡಗೈ ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಸಂದಿಯಲ್ಲಿ ಕಡ್ಡಿ ಕೂರಿಸಿ, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ನಡುವಿನಿಂದ ಹೊರಗೆ ಬಿಡಬೇಕು. ಮೊದಲ ಹತ್ತು ದಿನ ವಿಚಿತ್ರ ಅನಿಸುತ್ತದೆ, ಉಂಗುರ ಬೆರಳು ನೋಯುತ್ತದೆ. ಸಹಿಸಿಕೋ. ಕೆಲವು ಶಾಲೆಗಳಲ್ಲಿ ಎರಡೂ ಕೈ ಒಂದೇ ರೀತಿ ಹಿಡಿಸುತ್ತಾರೆ. ನಿಮ್ಮ ಸೀನಿಯರ್‌ಗಳು ಹೇಗೆ ಹಿಡಿಯುತ್ತಾರೆ ಅಂತ ಒಮ್ಮೆ ನೋಡಿಕೊಂಡು ಶುರುಮಾಡು.

ಆಯ್ಕೆಗೆ ಮೂರೇ ಪಾಠ ಸಾಕು. ಒಂದು, ಬಲ-ಎಡ-ಬಲ-ಎಡ. ಎರಡನೆಯದು ಬಲ-ಬಲ-ಎಡ-ಎಡ. ಇದಕ್ಕೆ ನಮ್ಮ ಗುರುಗಳು ಡ್ಯಾಡಿ-ಮಮ್ಮಿ ಅನ್ನುತ್ತಿದ್ದರು, ನಾನು ಮಕ್ಕಳಿಗೆ ಅಪ್ಪ-ಅಮ್ಮ ಅಂತ ಹೇಳಿಕೊಡುತ್ತೇನೆ. ಬಲಗೈಯಲ್ಲಿ ‘ಅಪ್-ಪ’, ಎಡಗೈಯಲ್ಲಿ ‘ಅಮ್-ಮ’. ಇದೇ ವೇಗ ಹಿಡಿದಾಗ ಪೆಟ್ಟುಗಳೆಲ್ಲ ಕೂಡಿ ಒಂದೇ ಸದ್ದಿನ ಹಾಗೆ ಕೇಳಿಸುತ್ತದೆ, ಅದೇ ರೋಲ್. ಮೂರನೆಯದು ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಇದನ್ನು ಪ್ಯಾರಡಿಡಲ್ ಅಂತಾರೆ. ಮೂರನ್ನೂ ಗಡಿಯಾರದ ಜೊತೆ, ಕಾಲಿನಲ್ಲಿ ಹೆಜ್ಜೆ ಹಾಕುತ್ತಲೇ ಬಾರಿಸು. ಕೂತು ಬಾರಿಸಿ ಕಲಿತವರು ನಡೆಯಲು ಶುರುಮಾಡಿದ ಕೂಡಲೇ ಕಲಿತದ್ದೆಲ್ಲ ಉದುರಿಹೋಗುತ್ತದೆ, ಪ್ರತಿ ವರ್ಷ ನೋಡುತ್ತೇನೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳು. ಯಾವುದು ಎಡಗೈ, ಯಾವುದು ಬಲಗೈ ಅಂತ ನಿನಗೇ ಗೊತ್ತಾದರೆ ಎಡಗೈಗೆ ಇನ್ನೂ ಕೆಲಸ ಬೇಕು ಅಂತ ಅರ್ಥ.

ಬೇರೆ ವಾದ್ಯ ಕೊಟ್ಟರೆ ಬೇಡ ಅನ್ನಬೇಡ. ಬ್ಯೂಗಲ್ ಅಂದರೆ ಊದುವ ಸಣ್ಣ ಕಹಳೆ. ಅದಕ್ಕೆ ಒತ್ತುವ ಕೀಲಿಗಳೇ ಇಲ್ಲ, ತುಟಿಯೇ ಎಲ್ಲ. ಸ, ಪ, ಮೇಲಿನ ಸ, ಗ, ಪ, ಹೆಚ್ಚುಕಮ್ಮಿ ಇಷ್ಟೇ ಸ್ವರ. ಅಷ್ಟರಲ್ಲೇ ಇಡೀ ಮೈದಾನ ಎದ್ದು ನಿಲ್ಲಿಸಬಹುದು.

ರೋಲ್ ಬಗ್ಗೆ ಮಾತ್ರ ಇನ್ನೊಂದು ಮಾತು, ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಬ್ಯಾಂಡ್ ರಾಷ್ಟ್ರಗೀತೆ ನುಡಿಸುವಾಗ ಮೊದಲು ಡ್ರಮ್ ರೋಲ್ ಬರಬೇಕು, ಸೇರಿದವರಿಗೆ ಈಗ ರಾಷ್ಟ್ರಗೀತೆ ಅಂತ ತಿಳಿಯಲಿ ಅಂತ. ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲೇ ಅದು ಹೇಗಿರಬೇಕು ಅಂತ ಇದೆ. ನಿಧಾನ ನಡಿಗೆಯ 7 ಹೆಜ್ಜೆಯಷ್ಟು ಹೊತ್ತು. ಮೆಲ್ಲಗೆ ಶುರುವಾಗಿ, ಆದಷ್ಟು ಜೋರಾಗಿ ಏರಿ, ಮತ್ತೆ ಮೆಲ್ಲಗೆ ಇಳಿಯಬೇಕು. ಇಳಿದರೂ ಏಳನೇ ಪೆಟ್ಟಿನವರೆಗೂ ಕೇಳಿಸುತ್ತಿರಬೇಕು. ಆಮೇಲೆ ಒಂದು ಪೆಟ್ಟಿನಷ್ಟು ಮೌನ. ಆಮೇಲೆ 52 ಸೆಕೆಂಡಿನ ಗೀತೆ. ಜೋರಾಗಿ ಬಾರಿಸಲು ಎಲ್ಲರಿಗೂ ಬರುತ್ತದೆ. ಆ ಇಳಿಯುವ ಮೂರು ಹೆಜ್ಜೆಯಲ್ಲಿ ಕೈ ನಡುಗದ ಹಾಗೆ ಸಣ್ಣಗೆ ಬಾರಿಸುವುದು ಕಷ್ಟ. ಆಗಸ್ಟ್ 15ರ ಬೆಳಿಗ್ಗೆ, ಒದ್ದೆ ಮೈದಾನದಲ್ಲಿ, ಆ ಒಂದು ಪೆಟ್ಟಿನ ಮೌನದಲ್ಲಿ ಧ್ವಜದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಕೇಳುತ್ತದೆ. 14 ವರ್ಷ ಆದರೂ ನನಗೆ ಮೈ ಜುಮ್ ಅನ್ನುತ್ತದೆ. ನೀನು ಆಯ್ಕೆಗೆ ಹೋದಾಗ ‘ಏನಾದರೂ ಬಾರಿಸು’ ಅಂದರೆ ಈ ರೋಲ್ ಬಾರಿಸು.

ಈಗ ಲೀಡರ್ ವಿಷಯ. ಮುಂದೆ ಮೇಸ್, ಅಂದರೆ ಗುಂಡು ತಲೆಯ ಉದ್ದ ಕೋಲು ಹಿಡಿದು, ಎದೆ ಸೆಟೆದು ನಡೆಯುವ ಚಿತ್ರವೇ ನಿನ್ನ ಕಣ್ಣಲ್ಲಿರುತ್ತದೆ, ತಪ್ಪಿಲ್ಲ. ಆದರೆ ಒಮ್ಮೆ ಯೋಚನೆ ಮಾಡು. ನಡೆಯುವಾಗ ಲೀಡರ್‌ಗೆ ಬ್ಯಾಂಡ್ ಕಾಣಿಸುವುದಿಲ್ಲ. ಬ್ಯಾಂಡ್‌ಗೆ ಲೀಡರ್ ಬೆನ್ನು ಮಾತ್ರ ಕಾಣಿಸುತ್ತದೆ. ಹಿಂದೆ ಏನಾಗುತ್ತಿದೆ ಅನ್ನುವುದನ್ನು ಅವಳು ಕಿವಿಯಿಂದಲೇ ತಿಳಿಯಬೇಕು. ಕಿವಿ ಇಲ್ಲದವರಿಗೆ ಆ ಜಾಗ ಕೊಡಬಾರದು ಅಂತ ನಾನು ನಂಬಿದ್ದೇನೆ. ಎಷ್ಟೇ ಎತ್ತರ ಇರಲಿ, ಎಷ್ಟೇ ಚೆನ್ನಾಗಿ ಮೇಸ್ ತಿರುಗಿಸಲಿ.

ಒಂದು ಸ್ವಾತಂತ್ರ್ಯ ದಿನ ನಡೆದದ್ದು. ಸಿಂಬಲ್, ಅಂದರೆ ದೊಡ್ಡ ತಾಳ ಹಿಡಿದ ಹುಡುಗ ಹೊಸಬ, ಜನ ನೋಡಿ ಗಾಬರಿಯಾಗಿ ಹೆಜ್ಜೆ ತಪ್ಪಿದ. ಅವನ ಪೆಟ್ಟು ಬಲಗಾಲಿಗೆ ಬೀಳತೊಡಗಿತು. ಲೀಡರ್ ಹುಡುಗಿ ತಿರುಗಿ ನೋಡಲಿಲ್ಲ. ತನ್ನ ಎಡ ಮಂಡಿಯನ್ನು ಮಾಮೂಲಿಗಿಂತ ಎತ್ತರಕ್ಕೆ ಎತ್ತಿ ‘ಎಡ... ಎಡ...’ ಅಂತ ಸಣ್ಣಗೆ ಕೂಗಿದಳು. ಬೇಸ್ ಡ್ರಮ್ಮಿನವನಿಗೆ ಅರ್ಥವಾಯಿತು, ಪೆಟ್ಟು ಜೋರು ಮಾಡಿದ. ಎಂಟು ಹೆಜ್ಜೆಯಲ್ಲಿ ಸಿಂಬಲ್ ಸರಿಹೋಯಿತು. ನೋಡಿದವರಿಗೆ ಏನೂ ಗೊತ್ತಾಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೂ ಅವಳು ಆ ಹುಡುಗನ ಹೆಸರು ಎತ್ತಲಿಲ್ಲ. ಮುಂದಿನ ಒಂದು ವಾರ ಅರ್ಧ ಗಂಟೆ ಮುಂಚೆ ಬಂದು, ಅವನನ್ನು ಜೊತೆಗೆ ಕರೆದುಕೊಂಡು ಧ್ವಜಕಟ್ಟೆಯ ಸುತ್ತ ನಡೆಸುತ್ತಿದ್ದಳಂತೆ. ನನಗೆ ಹೇಳಿದ್ದು ಬಿಸಿಯೂಟದ ಅಡುಗೆ ಅಕ್ಕ.

ಲೀಡರ್ ಆಯ್ಕೆಗೆ ನಾನು ಮಾಡುವುದು ಇಷ್ಟೇ. ಹನ್ನೆರಡು ಮಕ್ಕಳನ್ನು ಕೊಟ್ಟು, ಗೇಟಿನವರೆಗೆ ನಡೆಸಿಕೊಂಡು ಹೋಗಿ ತಿರುಗಿಸಿಕೊಂಡು ಬಾ ಅನ್ನುತ್ತೇನೆ. ಮೇಲಿನ ಮಹಡಿಯಿಂದ ನೋಡುತ್ತೇನೆ. ತಿರುಗುವಾಗ ಒಳಗಿನವರು ಸಣ್ಣ ಹೆಜ್ಜೆ, ಹೊರಗಿನವರು ಪೂರ್ತಿ ಹೆಜ್ಜೆ ಹಾಕಿದರೆ ಮಾತ್ರ ಸಾಲು ಮುರಿಯುವುದಿಲ್ಲ. ಅದನ್ನು ಹೊರಡುವ ಮುಂಚೆಯೇ ಹೇಳಿಕೊಡುತ್ತಾರಾ, ಇಲ್ಲ ಮುರಿದ ಮೇಲೆ ಬೈಯುತ್ತಾರಾ ನೋಡುತ್ತೇನೆ. ಸನ್ನೆ ದೊಡ್ಡದಾಗಿ, ಸಾಕಷ್ಟು ಮುಂಚೆ ಕೊಡುತ್ತಾರಾ ನೋಡುತ್ತೇನೆ. ನಮ್ಮ ಬ್ಯಾಂಡ್‌ನಲ್ಲಿ ಲೀಡರ್ ಮೇಸ್ ಎತ್ತಿದರೆ ಬೇಸ್ ಡ್ರಮ್ ಎರಡು ಜೋಡಿ ಪೆಟ್ಟು ಕೊಡುತ್ತದೆ, ಆಗ ಎಲ್ಲರಿಗೂ ಟ್ಯೂನ್ ಮುಗಿಯುತ್ತಿದೆ ಅಂತ ಗೊತ್ತಾಗುತ್ತದೆ. ಅದಕ್ಕೆ ಹೇಳುವುದು, ಲೀಡರ್ ಆಗುವ ಮನಸ್ಸಿದ್ದರೆ ಈ ವರ್ಷವೇ ಬೇಸ್ ಡ್ರಮ್ಮಿನವರ ಪಕ್ಕ ನಿಲ್ಲುವುದನ್ನು ಅಭ್ಯಾಸ ಮಾಡಿಕೋ. ದಸರಾಗೆ ಮೈಸೂರಿಗೆ ಹೋದರೆ ಪೊಲೀಸ್ ಬ್ಯಾಂಡ್ ಕೇಳು, ಜನವರಿ 29ರಂದು ದೂರದರ್ಶನದಲ್ಲಿ ದೆಹಲಿಯ ಬೀಟಿಂಗ್ ರಿಟ್ರೀಟ್ ನೋಡು, ಸೇನೆಯ ಬ್ಯಾಂಡ್‌ಗಳು ನುಡಿಸುವ ಕಾರ್ಯಕ್ರಮ ಅದು. ಮೇಸ್ ಮೇಲೆ ಕಣ್ಣು ಬೇಡ, ಮೇಸ್ ಎದ್ದ ಮೇಲೆ ಬೇಸ್ ಡ್ರಮ್ ಏನು ಮಾಡುತ್ತದೆ ಅಂತ ನೋಡು.

‘ಲೀಡರ್ ಆದರೆ ಏನು ಮಾಡ್ತೀಯ?’ ಅಂತ ಕೇಳಬಹುದು. ಪ್ರೈಜ್ ತರ್ತೀನಿ ಅಂತ ಎಲ್ಲರೂ ಹೇಳುತ್ತಾರೆ. ನೀನು ಒಂದು ಸಣ್ಣ ಕೆಲಸ ಹೇಳು, ಟ್ರಯಾಂಗಲ್‌ನವರಿಗೆ ಹೆಜ್ಜೆ ಕಲಿಸ್ತೀನಿ ಅಂತಲೋ, ಡ್ರಮ್ ಮೇಲೆ ನೀರಿನ ಬಾಟ್ಲಿ ಇಡದ ಹಾಗೆ ನೋಡ್ಕೋತೀನಿ ಅಂತಲೋ. ಹೇಳಿದ್ದನ್ನು ಈ ವರ್ಷದಿಂದಲೇ ಮಾಡು. ಜನವರಿ 26 ಮುಗಿದರೆ 10ನೇ ಕ್ಲಾಸಿನವರು ಎಸ್ಸೆಸ್ಸೆಲ್ಸಿ ಓದಿಗೆ ಹೋಗುತ್ತಾರೆ, ಬ್ಯಾಂಡ್ ರೂಮಿನ ಬೀಗದ ಕೈ ಯಾರಿಗೆ ಕೊಡುವುದು ಅಂತ ಆಗಲೇ ಟೀಚರ್ ಯೋಚಿಸುತ್ತಿರುತ್ತಾರೆ.

ಮೊದಲ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಅತ್ತು ಮನೆಗೆ ಹೋಗಬೇಡ. ರಿಸರ್ವ್‌ನಲ್ಲಿ ಇಟ್ಟುಕೊಳ್ಳಿ ಟೀಚರ್ ಅಂತ ಕೇಳು, ದಿನಾ ಅಭ್ಯಾಸಕ್ಕೆ ಬಾ. ನವೆಂಬರ್ 1ರ ಹೊತ್ತಿಗೆ ಯಾರಾದರೂ ಬಿಟ್ಟಿರುತ್ತಾರೆ, ನಮ್ಮಲ್ಲಂತೂ ಬಿಡದ ವರ್ಷವೇ ಇಲ್ಲ.

ಆಯ್ಕೆ ದಿನ ಚಪ್ಪಲಿ ಹಾಕಿಕೊಂಡು ಹೋಗಬೇಡ. ಶೂ ಹಾಕಿಕೋ, ಲೇಸ್ ಎರಡು ಗಂಟು. ಕಾಲು ಬಿದ್ದ ಸದ್ದು ಟೀಚರ್‌ಗೆ ಕೇಳಿಸಬೇಕು.