ಬರೆಯುವುದು ಬಿಟ್ಟ ಗಂಡ

ಬರೆಯುವವರ ಮನೆಯವರು ಆಪ್ತಸಲಹೆಗೆಂದು ನನ್ನ ಬಳಿ ಬರುವುದೇ ಅಪರೂಪ. ಬಂದರೂ ‘ರಾತ್ರಿಯೆಲ್ಲ ಬರೀತಾ ಕೂರ್ತಾರೆ’ ಅನ್ನೋ ದೂರು. ಈ ಹೆಣ್ಣುಮಗಳದ್ದು ಉಲ್ಟಾ. “ಇವ್ರು ಬರಿಯೂದು ಬಿಟ್ಟು ಒಂದೂವರಿ ವರ್ಷ ಆತ್ರಿ ಮೇಡಂ. ಮನ್ಯಾಗ ಇವ್ರ ಕೂಡ ಇರೂದ ಕಷ್ಟ ಆಗೇತಿ” ಅಂದರು. ಗಂಡ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದರು.

ಗಂಗಾವತಿ ಕಡೆಯವರು. ವಯಸ್ಸು 46. ರೈಸ್ ಮಿಲ್ಲಿನಲ್ಲಿ ಗುಮಾಸ್ತರು. (ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಇಪ್ಪತ್ತು ವರ್ಷ ಇವರು ಕವಿತೆ ಬರೆದದ್ದು ತೂಕದ ಚೀಟಿಗಳ ಹಿಂದೆ. ಸುಗ್ಗಿಯಲ್ಲಿ ಭತ್ತದ ಲಾರಿ ಸಾಲುಗಟ್ಟಿ ನಿಂತಾಗಲೇ ಜಾಸ್ತಿ ಬರೆಯುತ್ತಿದ್ದರಂತೆ. ಒಂದು ಲಾರಿ ಇಳಿದು ಇನ್ನೊಂದು ತೂಕದ ಕಾಟಾ ಏರುವಷ್ಟರಲ್ಲಿ ಎರಡು ಸಾಲು. ಚೀಟಿ ಅಂಗಿ ಕಿಸೆಗೆ. ಬಟ್ಟೆಯ ಜೊತೆ ಎಷ್ಟೋ ಕವಿತೆ ತೊಳೆದುಹೋಗಿವೆ. ಅದಕ್ಕೆ ಬೇಸರವೂ ಇರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂತು. ಶಾಲು, ಹಾರ, ಫೋಟೋ. ಆ ಹುರುಪಿನಲ್ಲಿ ಸಾಲ ಮಾಡಿ 500 ಪ್ರತಿ ಪುಸ್ತಕ ಹಾಕಿಸಿದರು. ಮುನ್ನೂರಕ್ಕೂ ಹೆಚ್ಚು ಈಗಲೂ ಮಂಚದ ಕೆಳಗಿವೆ. ಮತ್ತೆ ಬಹುಮಾನ ಬರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಎಡದಂಡೆ ಕಾಲುವೆ ನಂಬಿದ ಊರುಗಳೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದವು. ಇವರೂ ಪೆನ್ನು ಹಿಡಿದರು. “ಮೊದಲನೇ ಸಾಲು ಬಂತ್ರಿ. ಬಂದ ಕೂಡ್ಲೆ, ತೀರ್ಪುಗಾರರು ಇದಕ್ಕ ಏನಂತಾರ ಅಂತ ಅನ್ನಿಸ್ತು. ಹರದು ಒಗದೆ.” ಅದೇ ಕೊನೆ.

ನೋವಿದ್ದರೇ ಕವಿತೆ ಹುಟ್ಟುತ್ತದೆ ಅಂತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಇವರೇ ನೋಡಿ, ತಾಯಿ ತೀರಿಕೊಂಡ ಮೇಲೆ ಆರು ತಿಂಗಳು ಒಂದಕ್ಷರ ಬರೆದಿರಲಿಲ್ಲ. ಹಾಗಾದರೆ ಯಾಕೆ ಬರೀತಿದ್ರಿ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. “ಶಬ್ದ ಸರಿಯಾಗಿ ಕುಂತಾಗ ಒಂಥರಾ ಖುಷಿ ಆಗ್ತಿತ್ರಿ. ಕಾಟಾದ ಮ್ಯಾಲೆ ಲೆಕ್ಕ ಹಾಕಿದಷ್ಟ ತೂಕ ಬಂದಂಗ.”

ಆಗ ಅವರಿಗೊಂದು ಹಳೆಯ ಪ್ರಯೋಗದ ಕತೆ ಹೇಳಿದೆ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳು. ಕೆಲವರಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡ್ತೀವಿ’ ಎಂದು ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ, ಆ ಮಕ್ಕಳು ಬಣ್ಣದ ಪೆನ್ನು ಹಿಡಿಯುತ್ತಿದ್ದ ಹೊತ್ತು ಉಳಿದವರ ಹೆಚ್ಚುಕಡಿಮೆ ಅರ್ಧ.

ಅವರು ಸುಲಭಕ್ಕೆ ಒಪ್ಪಲಿಲ್ಲ. “ನಮ್ಮ ಕಿನ್ನಾಳದ ಚಿತ್ರಗಾರರು ರೊಕ್ಕಕ್ಕೇ ಅಲ್ಲೇನ್ರಿ ಗೊಂಬಿ ಮಾಡೂದು? ಅವರ ಕೈ ನಿಂತೇತೇನು?” ಒಳ್ಳೆ ಪ್ರಶ್ನೆ, ನಾನೂ ಒಂದು ಕ್ಷಣ ತಡವರಿಸಿದೆ. ರೊಕ್ಕ ಬಂದರೆ ಕಲೆ ಸಾಯುತ್ತೆ ಅಂತ ನಾನು ಹೇಳುತ್ತಿಲ್ಲ. ಅದೇ ಪ್ರಯೋಗದಲ್ಲಿ, ಚಿತ್ರ ಮುಗಿದ ಮೇಲೆ ಅಚಾನಕ್ಕಾಗಿ ಪ್ರಶಸ್ತಿ ಪಡೆದ ಮಕ್ಕಳ ಆಸೆ ತಗ್ಗಿರಲಿಲ್ಲ. ಕಿನ್ನಾಳದಲ್ಲಿ ಗೊಂಬೆಗೆ ಹುಣಸೆ ಬೀಜದ ಅಂಟು ಅರೆಯುವವರ ಕಣ್ಣು ಆ ಹೊತ್ತಿಗೆ ಅಂಟಿನ ಹದದ ಮೇಲಿರುತ್ತದೆ, ಗಿರಾಕಿಯ ಜೇಬಿನ ಮೇಲಲ್ಲ. ನಿಮಗೆ ಮೊದಲ ಸಾಲಿಗೇ ತೀರ್ಪುಗಾರರು ಬಂದು ಎದುರಿಗೆ ಕೂತುಬಿಟ್ಟರು ಅಂದೆ. ಹೆಂಡತಿ ನಕ್ಕರು.

ನಿದ್ದೆ ಕೆಟ್ಟು ತಿಂಗಳುಗಳಾಗಿದ್ದವು, ಊಟವೂ ಸೇರುತ್ತಿರಲಿಲ್ಲ. ಕವಿಗಳ ಸ್ವಭಾವ ಅಂತ ಬಿಡೋ ಹಾಗಿರಲಿಲ್ಲ. ಮೊದಲು ಮನೋವೈದ್ಯರಿಗೆ ತೋರಿಸಿ ಅಂದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡೇನೂ ಇಲ್ಲ.

ಬರವಣಿಗೆಗೆ ಹೇಳಿದ್ದು ಇಷ್ಟೇ. ಸ್ಪರ್ಧೆಗೆಂದು ತಂದ ದಪ್ಪ ನೋಟ್‌ಬುಕ್ ಪೆಟ್ಟಿಗೆಗೆ ಹಾಕಿ. ಮತ್ತೆ ತೂಕದ ಚೀಟಿ ಹಿಡಿಯಿರಿ. ಸಂಜೆ ಕಾಟಾ ಬಂದ್ ಆದ ಮೇಲೆ ಅಲ್ಲೇ ಇಪ್ಪತ್ತು ನಿಮಿಷ. ಏನೂ ಬರದಿದ್ದರೆ ಲಾರಿ ನಂಬರ್ ಬರೀರಿ, ಪರವಾಗಿಲ್ಲ. ಒಂದು ತಿಂಗಳು ಯಾರಿಗೂ ತೋರಿಸೋ ಹಾಗಿಲ್ಲ. ವಾಟ್ಸಾಪ್‌ಗೂ ಇಲ್ಲ, ನನಗೂ ಇಲ್ಲ. ‘ಇವತ್ತು ಏನ್ ಬರದ್ರಿ’ ಅಂತ ಹೆಂಡತಿಯೂ ಕೇಳಬಾರದು. ಹಳೆ ಸಾಲ ತೀರೋವರೆಗೆ ಇನ್ನೊಂದು ಪುಸ್ತಕದ ಮಾತೇ ಬೇಡ. ಮಂಚದ ಕೆಳಗಿನ ಗಂಟನ್ನು ಏನು ಮಾಡೋದು ಅಂತ ಮಾತ್ರ ನನಗೂ ಹೊಳೆಯಲಿಲ್ಲ.

ಮೂರನೇ ಸಲ ಬಂದಾಗ ನಿದ್ದೆ ಸ್ವಲ್ಪ ಹತ್ತುತ್ತಿತ್ತು, ಪೂರ್ತಿ ಅಲ್ಲ. ಬರೆದಿರಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎದ್ದು ಹೊರಡುವಾಗ ಹೆಂಡತಿ ಹಿಂದೆ ಉಳಿದು ಗೊಣಗಿದರು: “ಅಂಗಿ ಒಗಿಯೂಮುಂದ ಕಿಸೆ ನೋಡೂದು ಬಂತ್ ನೋಡ್ರಿ ಮೇಡಂ, ಮತ್ತ.”