ಹಸಿರು ದೀಪವನ್ನು ನಂಬಿ ಕೆಟ್ಟೆ

ಬೆಳಿಗ್ಗೆ ಏಳುವಾಗ ತಲೆ ಭಾರವಾಗಿರುತ್ತದೆ, ಮಲಗುವ ಕೋಣೆಯಲ್ಲಿ ಮುಗ್ಗಲು ವಾಸನೆ ಹೋಗುವುದಿಲ್ಲ, ಎಷ್ಟು ದೊಡ್ಡ ಏರ್ ಪ್ಯೂರಿಫೈಯರ್ ಕೊಳ್ಳಲಿ ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ಇದೇ ಪ್ರಶ್ನೆ ಹಿಡಿದು ಅಂಗಡಿಗೆ ಹೋದವನು ನಾನು. ದೊಡ್ಡದನ್ನೇ ಕೊಂಡು ತಂದೆ.

ನನಗೆ ಧೂಳಿನ ಭಯ ವಿಪರೀತವಾಗಿತ್ತು. ಕಿಟಕಿಯ ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿ, ಮೇಲಿನ ಬೆಳಕಿಂಡಿಗೆ ಪ್ಲಾಸ್ಟಿಕ್ ಹಾಳೆ ಬಡಿದು, ಬಾಗಿಲ ಕೆಳಗಿನ ಸಂದಿಗೆ ಹಳೆಯ ಬಟ್ಟೆ ತುರುಕಿ, ಪ್ಯೂರಿಫೈಯರ್ ಹಚ್ಚಿ ಮಲಗುತ್ತಿದ್ದೆವು. ಅದರ ದೀಪ ರಾತ್ರಿಯಿಡೀ ಹಸಿರಾಗಿಯೇ ಇರುತ್ತಿತ್ತು. ಆ ದೀಪವನ್ನು ನಂಬಿದ್ದೇ ನನ್ನ ತಪ್ಪು. ಅದು ಅಳೆಯುತ್ತಿದ್ದದ್ದು ಕಣಗಳನ್ನು ಮಾತ್ರ. ಅದರೊಳಗಿನ ಹೆಪಾ ಎಂಬ ಸೂಕ್ಷ್ಮ ಫಿಲ್ಟರ್ 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ ಎಂಬುದು ನಿಜವೇ, ಆದರೆ ನೀರಾವಿಯಾಗಲಿ ಇಂಗಾಲದ ಡೈಆಕ್ಸೈಡ್ ಆಗಲಿ ಅದಕ್ಕೆ ಸಿಕ್ಕುವುದಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಇದ್ದರೆ, ನಾವು ಬಿಡುವ ಉಸಿರಿನಲ್ಲಿ ಅದರ ಸುಮಾರು ನೂರು ಪಟ್ಟು ಇರುತ್ತದೆ. ಇಬ್ಬರು ಎಂಟು ಗಂಟೆ ಬಿಟ್ಟ ಉಸಿರಿಗೆ ಹೊರಹೋಗುವ ದಾರಿಯನ್ನೇ ನಾನು ಮುಚ್ಚಿದ್ದೆ. ಸ್ನೇಹಿತರೊಬ್ಬರ ಇಂಗಾಲದ ಡೈಆಕ್ಸೈಡ್ ಮಾಪಕವನ್ನು ತಂದಿಟ್ಟಾಗ ಬೆಳಗಿನ ಜಾವ ಅದು 2900 ತೋರಿಸಿತು. ಜನರಿರುವ ಕೋಣೆಯಲ್ಲಿ ಇದು ಸಾವಿರ ಪಿಪಿಎಂ ದಾಟಬಾರದೆಂದು ಜರ್ಮನಿಯ ಆರೋಗ್ಯ ವಿಜ್ಞಾನಿ, ಮ್ಯೂನಿಕ್‌ನ ಪೆಟ್ಟೆನ್‌ಕೋಫರ್ 1858ರಲ್ಲೇ ಹೇಳಿದ್ದರು, ನನಗೆ ತಿಳಿದದ್ದು ಅಷ್ಟು ದುಡ್ಡು ಸುರಿದ ಮೇಲೆ.

ಉಸಿರಿನ ತೇವ ಎಲ್ಲಿ ಹೋಗಿತ್ತೆಂಬುದು ಬೀರುವನ್ನು ಸರಿಸಿದಾಗ ಗೊತ್ತಾಯಿತು. ಹೊರಗೋಡೆಗೆ ಒತ್ತಿ ನಿಲ್ಲಿಸಿದ್ದ ಅದರ ಹಿಂದೆ, ತಣ್ಣಗಿನ ಮೂಲೆಯಲ್ಲಿ, ಮೊಣಕಾಲೆತ್ತರದವರೆಗೆ ಕಪ್ಪು ಬೂಷ್ಟು ಹಬ್ಬಿತ್ತು. ಬೆರಳಿಟ್ಟರೆ ಸುಣ್ಣ ಹಿಟ್ಟಿನಂತೆ ಉದುರುತ್ತಿತ್ತು. ಮುಗ್ಗಲು ವಾಸನೆಯ ಮೂಲ ಅದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಬೇಕಾಗಿರುವುದು ಶೋಧಿಸಿದ ಹಳೆಯ ಗಾಳಿಯಲ್ಲ, ಹೊಸ ಗಾಳಿ. ಎದುರುಬದುರಾಗಿ ಎರಡು ಕಡೆ ತೆರೆಯಿರಿ. ಒಂದೇ ಕಿಟಕಿಯನ್ನು ಪೂರ್ತಿ ತೆರೆಯುವುದಕ್ಕಿಂತ ಅದು ಬಹಳ ಮಟ್ಟಿಗೆ ಮೇಲು. ಏಸಿ ಇದೆಯಲ್ಲ ಎನ್ನಬೇಡಿ, ಗೋಡೆಗೆ ಹಾಕುವ ಸಾಮಾನ್ಯ ಏಸಿ ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ಗಾಳಿ ಶುದ್ಧಿಗೆ ಕುಂಡದ ಗಿಡಗಳ ಮಾತಂತೂ ಬೇಡವೇ ಬೇಡ. ಹೊರಗೆ ಹೊಗೆ ದಟ್ಟವಾಗಿರುವ ಹೊತ್ತಿನಲ್ಲಿ ಮಾತ್ರ ಕಿಟಕಿ ಮುಚ್ಚಿ ಪ್ಯೂರಿಫೈಯರ್ ಹಚ್ಚುವುದರಲ್ಲಿ ಅರ್ಥವಿದೆ. ಆದರೆ ಒಂದು ಮಾತು: ಮನೆಯೊಳಗೆ ಗ್ಯಾಸ್ ಗೀಸರ್ ಅಥವಾ ಇದ್ದಿಲು ಉರಿಯುತ್ತಿದ್ದರೆ, ತಲೆ ಭಾರಕ್ಕೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕಾರಣವಾಗಿರಬಹುದು, ಅದು ಜೀವಕ್ಕೇ ಅಪಾಯ, ಈ ದಿನವೇ ಅದನ್ನು ನಿಲ್ಲಿಸಿ ಪರೀಕ್ಷಿಸಿ.

ಎಕ್ಸಾಸ್ಟ್ ಫ್ಯಾನ್ ಇದ್ದರೆ, ಅದರ ಜಾಲರಿಗೆ ತೆಳು ಕಾಗದವೊಂದನ್ನು ಹಿಡಿದು ನೋಡಿ. ನನ್ನ ಮನೆಯಲ್ಲಿ ಬಾಗಿಲು ಬಿಗಿಯಾಗಿ ಮುಚ್ಚಿದ್ದಾಗ ಕಾಗದ ಕೆಳಗೆ ಬಿತ್ತು. ಒಂದು ಅಂಗುಲ ತೆರೆದೊಡನೆ ಚಪ್ಪಟೆಯಾಗಿ ಅಂಟಿಕೊಂಡಿತು. ಒಳಬರಲು ದಾರಿಯಿಲ್ಲದೆ ಗಾಳಿ ಹೊರಹೋಗುವುದೂ ಇಲ್ಲ. ರಬ್ಬರ್ ಪಟ್ಟಿಗಳನ್ನು ನಾನು ಕಿತ್ತದ್ದು ಅಂದು ಸಂಜೆಯೇ.