ಸೇತುವೆ ಕಂಬದ ಅಂಕಿ ನೋಡಿ ಎಷ್ಟು ಕ್ಯೂಸೆಕ್ ಅಂತ ಹೇಳಬಹುದಾ?

ನಿಮ್ಮೂರು ವರದಾ ನದಿ ದಂಡೆಯಲ್ಲಿದೆ, ಸೇತುವೆ ಕಂಬಕ್ಕೆ ಮೀಟರ್ ಗುರುತು ಬರೆದಿದ್ದಾರೆ, ಅದರಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ) ನೀರು ಹೋಗುತ್ತಿದೆ ಅಂತ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಬರೀ ಆ ಅಂಕಿಯಿಂದ ಆಗುವುದಿಲ್ಲ. ಅದು ಹೇಳುವುದು ನೀರಿನ ಮಟ್ಟ ಮಾತ್ರ. ಎಷ್ಟೋ ಕಡೆ ಅದು ಆಳವೂ ಅಲ್ಲ, ಸಮುದ್ರ ಮಟ್ಟದಿಂದ ಹಿಡಿದ ಎತ್ತರ.

ನಾನು ಹಾವೇರಿ ಕಡೆ ಹೊಳೆ ನೀರು ಅಳೆಯುವ ಕೆಲಸ ಮಾಡಿದವನು. ಕೇಂದ್ರ ಜಲ ಆಯೋಗ ವರದೆಯನ್ನು ಮರೋಳದಲ್ಲಿ, ತುಂಗಭದ್ರೆಯನ್ನು ಹರಳಹಳ್ಳಿಯಲ್ಲಿ ಅಳೆಯುತ್ತದೆ. ಹೊಳೆಯ ಅಗಲವನ್ನು ಭಾಗ ಮಾಡಿಕೊಂಡು, ಒಂದೊಂದು ಭಾಗದಲ್ಲೂ ಆಳ ನೋಡಿ, ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಇಳಿಬಿಡುತ್ತಾರೆ. ಸೆಳವಿಗೆ ಅದರ ಬಟ್ಟಲುಗಳು ತಿರುಗುತ್ತವೆ, ಸುತ್ತು ಎಣಿಸಿದರೆ ವೇಗ ಸಿಗುತ್ತದೆ. ಮೀಟರನ್ನು ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ಹಿಡಿಯುವುದು ರೂಢಿ. ಅಲ್ಲಿನ ವೇಗ ಸರಾಸರಿಗೆ ಹತ್ತಿರ. 40 ಮೀಟರ್ ಅಗಲ, 2 ಮೀಟರ್ ಆಳ, ಸೆಕೆಂಡಿಗೆ ಅರ್ಧ ಮೀಟರ್ ವೇಗ ಅಂದರೆ 40 ಕ್ಯೂಮೆಕ್ಸ್ (ಸೆಕೆಂಡಿಗೆ 40 ಘನ ಮೀಟರ್), ಸುಮಾರು 1,400 ಕ್ಯೂಸೆಕ್. ಹೀಗೆ ಬೇರೆ ಬೇರೆ ಮಟ್ಟದಲ್ಲಿ ಅಳೆದು ಒಂದು ಗ್ರಾಫ್ ಹಾಕಿಟ್ಟಿರುತ್ತಾರೆ. ಆಮೇಲೆ ಮಟ್ಟ ನೋಡಿ ಹರಿವು ಹೇಳುವುದು ಅದರಿಂದಲೇ. ದೊಡ್ಡ ನೆರೆ ಬಂದು ಮರಳು ಕೊಚ್ಚಿ ತಳ ಬದಲಾದರೆ ಗ್ರಾಫನ್ನೂ ತಿದ್ದಬೇಕು.

ನಮ್ಮ ವರದೆಯಲ್ಲಿ ಇನ್ನೆರಡು ತಕರಾರಿವೆ. ಗಳಗನಾಥದ ಹತ್ತಿರ ಅದು ತುಂಗಭದ್ರೆ ಸೇರುತ್ತದೆ. ತುಂಗಭದ್ರೆ ತುಂಬಿ ಬಂದಾಗ ವರದೆಯ ನೀರಿಗೆ ಮುಂದೆ ಹೋಗಲು ದಾರಿ ಸಾಲದೆ ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಮಟ್ಟ ಏರುತ್ತದೆ, ಹರಿವು ಏರಿರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಬಾಂದಾರಗಳಿಗೆ (ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡುಗಳಿಗೆ) ಹಲಗೆ ಹಾಕಿದಾಗಲೂ ಇದೇ ಕಥೆ. ಹೊಳೆ ತುಂಬಿದಂತೆ ಕಾಣುತ್ತದೆ, ನೀರು ಸುಮ್ನೆ ನಿಂತಿರುತ್ತದೆ. ಆಗ ಕಂಬ ನೋಡಿ ಕ್ಯೂಸೆಕ್ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ನಿಮಗೆ ಬೇಕಿರುವುದು ಮನೆಗೆ, ಹೊಲಕ್ಕೆ ನೀರು ನುಗ್ಗುತ್ತದಾ ಅನ್ನುವುದು ಅಲ್ವಾ? ಹಾಗಿದ್ದರೆ ಕ್ಯೂಸೆಕ್ ಬಿಡಿ. ನೀರು ಏರುವಾಗ ಗಂಟೆಗೊಮ್ಮೆ ಅಂಕಿ ಬರೆದಿಡಿ, ದಂಡೆಯ ಮೇಲೆ ನಿಂತೇ. ಏರಿಕೆ ಗಂಟೆಯಿಂದ ಗಂಟೆಗೆ ಜಾಸ್ತಿ ಆಗುತ್ತಿದ್ದರೆ ದನಕರು, ಪಂಪ್‌ಸೆಟ್ ಮೇಲಕ್ಕೆ ಸಾಗಿಸಿ. ಹಾವೇರಿಯಲ್ಲಿ ಬಿಸಿಲಿದೆ ಅಂತ ಸುಮ್ಮನಿರಬೇಡಿ. ಈ ನೀರು ಸಾಗರ, ಸೊರಬ, ಬನವಾಸಿ ಕಡೆಯ ಮಳೆಯದ್ದು. ವರದೆಗೆ ಅದನ್ನು ತಡೆದಿಟ್ಟುಕೊಳ್ಳುವ ದೊಡ್ಡ ಅಣೆಕಟ್ಟೂ ಇಲ್ಲ. ಬನವಾಸಿಯಲ್ಲಿ ಪರಿಚಯದವರಿದ್ದರೆ ಫೋನ್ ಮಾಡಿ ಕೇಳಿ.